ಪೊಟೊಸಿಯನ್ನು ಬಿಟ್ಟು ಹೋಗಬೇಡಿ, ಭಾವ

ಭಾವ, ಬೊಲಿವಿಯಾದಲ್ಲಿ ಉಯುನಿಯ ಉಪ್ಪಿನ ಬಯಲು ನೋಡಿದ ಮೇಲೆ ಪೊಟೊಸಿಯಲ್ಲಿ ಇಳಿಯಬೇಕೋ, ನೇರವಾಗಿ ಸುಕ್ರೆಗೆ ಹೋಗಬೇಕೋ ಎಂದು ಗುಂಪಿನಲ್ಲಿ ಕೇಳಿದ್ದೀರಿ. ಉತ್ತರ ಉದ್ದವಾದೀತು, ಸಾವಕಾಶವಾಗಿ ಕೇಳಿ. ನನ್ನ ಮಾತು ನಡೆಯುವುದಾದರೆ ಎರಡು ರಾತ್ರಿಯಾದರೂ ಪೊಟೊಸಿಯಲ್ಲಿ ಉಳಿಯಿರಿ.

ಊರಿನ ಎಲ್ಲ ಬೀದಿಗಳಿಂದಲೂ ಕಾಣುವ ಆ ಕೆಂಪು ಬೆಟ್ಟ, ಸೆರ್ರೊ ರಿಕೊ, ಇಲ್ಲದಿದ್ದರೆ ಅಷ್ಟು ಎತ್ತರದ ಚಳಿಯಲ್ಲಿ ನಗರವೇ ಹುಟ್ಟುತ್ತಿರಲಿಲ್ಲ. 1545ರಲ್ಲಿ ಅಲ್ಲಿ ಬೆಳ್ಳಿ ಸಿಕ್ಕಿತು. ಹದಿನೇಳನೆಯ ಶತಮಾನದ ಆರಂಭದ ಹೊತ್ತಿಗೆ ಪೊಟೊಸಿ ಜಗತ್ತಿನ ದೊಡ್ಡ ನಗರಗಳ ಸಾಲಿಗೆ ಸೇರಿತ್ತು. 1570ರ ದಶಕದಲ್ಲಿ ಸ್ಪೇನಿನ ವೈಸರಾಯ್ ಫ್ರಾನ್ಸಿಸ್ಕೊ ಡಿ ಟೊಲೆಡೊ ಮಿತಾ ಎಂಬ ಕಡ್ಡಾಯ ದುಡಿಮೆಯನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದು, ಸುತ್ತಲಿನ ಪ್ರಾಂತ್ಯಗಳ ವಯಸ್ಕ ಗಂಡಸರಲ್ಲಿ ಏಳರಲ್ಲೊಂದು ಪಾಲನ್ನು ಸರದಿಯಂತೆ ಗಣಿಗೆ ಕರೆಸಿದನು. ಅದಿರನ್ನು ಪುಡಿ ಮಾಡುವ ನೀರಿನ ಗಿರಣಿಗಳಿಗಾಗಿ ಕಾರಿ ಕಾರಿ ಬೆಟ್ಟಗಳಲ್ಲಿ ಕೆರೆಗಳನ್ನು ಕಟ್ಟಿದರು, ಬೆಳ್ಳಿಯನ್ನು ಬೇರ್ಪಡಿಸಲು ಪೆರುವಿನ ಹುವಾಂಕವೆಲಿಕಾದಿಂದ ಪಾದರಸ ತರಿಸಿದರು. ಸ್ಪೇನಿನ ಅಮೆರಿಕದಿಂದ ಹೊರಟ ಇಂಥ ಬೆಳ್ಳಿ ಗೋವಾ, ಸೂರತ್‌ಗಳಿಗೂ ಬಂದು ಮೊಗಲರ ಟಂಕಸಾಲೆಗಳಲ್ಲಿ ಕರಗಿ ರೂಪಾಯಿಯಾಯಿತು.

ಮೊದಲು ನೋಡಬೇಕಾದದ್ದು 1773ರಲ್ಲಿ ಪೂರ್ಣಗೊಂಡ ಟಂಕಸಾಲೆ, ಕಾಸಾ ಡೆ ಲಾ ಮೊನೆಡಾ. ಬೆಳ್ಳಿಯ ಪಟ್ಟಿಗಳನ್ನು ತೆಳುವಾಗಿಸುತ್ತಿದ್ದ ಮರದ ಬೃಹತ್ ಹಲ್ಲುಚಕ್ರಗಳು ಇಂದಿಗೂ ಅಲ್ಲಿಯೇ ನಿಂತಿವೆ; ಕೆಳಗಿನ ಅಂತಸ್ತಿನಲ್ಲಿ ಹೇಸರಗತ್ತೆಗಳು ಸುತ್ತುತ್ತಿದ್ದರೆ ಮೇಲಿನ ಚಕ್ರಗಳು ತಿರುಗುತ್ತಿದ್ದವು. ಅದಕ್ಕೆ ಅರ್ಧ ದಿನ ಮೀಸಲಿಡಿ. ಸ್ಯಾನ್ ಲೊರೆಂಜೊ ಚರ್ಚಿನ ಕಲ್ಲುಕೆತ್ತನೆಯ ಮಹಾದ್ವಾರವನ್ನೂ ತಪ್ಪಿಸಬೇಡಿ.

ಬೆಳ್ಳಿ ಇಳಿಮುಖವಾದ ಮೇಲೆ ಊರನ್ನು ಸಾಕಿದ್ದು ತವರ ಎಂಬ ಲೋಹ. 1985ರಲ್ಲಿ ತವರದ ಬೆಲೆ ಕುಸಿದಾಗ ಸರ್ಕಾರಿ ಗಣಿಗಳ ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ಈಗ ಸಹಕಾರ ಸಂಘಗಳ ಗಣಿಗಾರರು ಸತು, ಸೀಸ, ಬೆಳ್ಳಿ ಅಗೆಯುತ್ತಾರೆ. ಸುರಂಗದೊಳಗೆ, ಗಣಿಯ ಒಡೆಯನೆಂದು ಅವರು ನಂಬುವ ಟಿಯೊನ ಕೊಂಬಿರುವ ವಿಗ್ರಹದ ಬಾಯಿಗೆ ಸಿಗರೇಟು ಇಟ್ಟು, ಕೋಕಾ ಎಲೆ ಅರ್ಪಿಸುತ್ತಾರೆ. ಅಗೆದು ಅಗೆದು ಬೆಟ್ಟದ ತುದಿಯೇ ಕುಸಿಯುತ್ತಿರುವುದರಿಂದ 2014ರಲ್ಲಿ ಯುನೆಸ್ಕೊ ಈ ಪಾರಂಪರಿಕ ತಾಣವನ್ನು ಅಪಾಯದಲ್ಲಿರುವವುಗಳ ಪಟ್ಟಿಗೆ ಸೇರಿಸಿತು.

ಪ್ರವಾಸಿಗರನ್ನು ಗಣಿಯೊಳಗೂ ಕರೆದೊಯ್ಯುತ್ತಾರೆ. ಮಾಜಿ ಗಣಿಗಾರರಿಗೆ ಅದರಿಂದ ನಾಲ್ಕು ಕಾಸು ಸಿಗುತ್ತದೆ, ನಿಜ. ಆದರೂ ಶ್ವಾಸಕೋಶ ತಿನ್ನುವ ಧೂಳಿನಲ್ಲಿ ದುಡಿಯುವವರನ್ನು ನಿಂತು ನೋಡಿ ಬರುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ, ಸುರಂಗಗಳೂ ಸುರಕ್ಷಿತವಲ್ಲ. ನೀವು ಹೋಗದಿದ್ದರೇ ನನಗೆ ಸಮಾಧಾನ.

ಊರು 4,000 ಮೀಟರಿಗೂ ಎತ್ತರದಲ್ಲಿದೆ. ಅಕ್ಕನಿಗೆ ರಕ್ತದೊತ್ತಡ ಇರುವುದರಿಂದ ಟಿಕೆಟ್ ಮಾಡಿಸುವ ಮುನ್ನವೇ ವೈದ್ಯರನ್ನು ಕೇಳಿಬಿಡಿ, ಮೊದಲ ದಿನ ಏರುಬೀದಿಗಳನ್ನು ಹತ್ತಿಸಬೇಡಿ.