ಟೂಲ್‌ಬಾರ್ ಸೇರಿಸಿದ ಕೂಡ್ಲೆ ಪ್ಯಾಕ್-ಗ್ರಿಡ್ ಎರರ್: ನಾನು ಪ್ಯಾಕ್ ಬರದೇ ಇಲ್ರಿ

ಪ್ರಶ್ನೆ: ಕಾರಟಗಿ ಮಿಲ್ ಹುಡುಗ

ನಮಸ್ಕಾರ್ರಿ. ಕಾರಟಗಿ ಹತ್ರ ಒಂದು ರೈಸ್‌ಮಿಲ್‌ನ್ಯಾಗ ಕಂಪ್ಯೂಟರ್ ಕೆಲಸ ನೋಡ್ಕೋತೀನಿ. ಭತ್ತ ಡ್ರೈಯರ್‌ಗೆ ಹಾಕಿದ ಮ್ಯಾಲ ಅರ್ಧ ತಾಸಿಗೊಮ್ಮೆ ತೇವ ಅಳದು ರಿಜಿಸ್ಟರ್‌ನ್ಯಾಗ ಬರೀತಾರ. 14 ಪರ್ಸೆಂಟ್ ಹತ್ರ ಬಂದಾಗ ಇಳಿಸಬೇಕು, ಅವಸರದಾಗ ಬಾಳ ಒಣಗಿಸಿದ್ರ ಗಿರಣಿಯೊಳಗ ಅಕ್ಕಿ ಮುರದು ನುಚ್ಚಾಗ್ತೈತಿ. ಬರೇ ಅಂಕಿ ನೋಡಿದ್ರ ತೇವ ಎಷ್ಟು ಜೋರಾಗಿ ಇಳಿಯಾಕತ್ತೈತಿ ಅಂತ ತಿಳಿಯಂಗಿಲ್ಲ, ಗೆರಿ ನೋಡಿದ್ರ ತಿಳಿತೈತಿ. ಅದಕ್ಕ ಪೈಥಾನ್‌ನ್ಯಾಗ, ವಿಂಡೋ ಮಾಡೋ ಟಿಕಿಂಟರ್ (ಟಿಕೆ) ಬಳಸಿ ಒಂದು ಸಣ್ಣ ಪ್ರೋಗ್ರಾಂ ಮಾಡಾಕತ್ತೀನಿ. ಎಡಕ್ಕ ಅಂಕಿ ತುಂಬೋ ಖಾನೆ, ಬಲಕ್ಕ ಮ್ಯಾಟ್‌ಪ್ಲಾಟ್‌ಲಿಬ್ (ಗ್ರಾಫ್ ಬರಿಯೋ ಪೈಥಾನ್ ಲೈಬ್ರರಿ) ಗ್ರಾಫ್.

ಎಲ್ಲಾನೂ ಗ್ರಿಡ್‌ನಿಂದಾನ (ಸಾಲು, ಕಾಲಮ್ ಲೆಕ್ಕದಾಗ ಇಡೋ ವಿಧಾನ) ಕೂಡಿಸೀನಿ. ಗ್ರಾಫ್ ಒಂದ ಇದ್ದಾಗ ಚಲೋ ಬಂತು. ಕೆಳಗ ಝೂಮ್ ಮಾಡೋ ಟೂಲ್‌ಬಾರ್ ಸೇರಿಸಿದ ಕೂಡ್ಲೆ, ಗ್ರಿಡ್ ಇರೋ ಫ್ರೇಮ್‌ನ್ಯಾಗ ಪ್ಯಾಕ್ (ಒಂದರ ಪಕ್ಕ ಒಂದು ಜೋಡಿಸೋ ಇನ್ನೊಂದು ವಿಧಾನ) ಬಳಸಾಕ ಬರಂಗಿಲ್ಲ ಅಂತ ಎರರ್. ಇಡೀ ಫೈಲ್‌ನ್ಯಾಗ ಪ್ಯಾಕ್ ಅನ್ನೋ ಪದ ಹುಡುಕೀನಿ, ಒಂದೂ ಇಲ್ಲ. ಎರಡು ದಿನ ಆತು.

ಇನ್ನೊಂದು: ನನ್ನ ಲ್ಯಾಪ್‌ಟಾಪ್‌ನ್ಯಾಗ ಸರಿ ಕಾಣೋ ಗ್ರಾಫ್, ಮಿಲ್ಲಿನ ಹಳೇ 1366×768 ಮಾನಿಟರ್‌ನ್ಯಾಗ ಕೆಳಗಿನ ಟೈಮ್ ಅರ್ಧ ಕತ್ತರಿಸಿ ಕಾಣ್ತೈತಿ. ಟೈಟ್ ಲೇಔಟ್ (ಗ್ರಾಫಿನ ಅಂಚು ಸರಿ ಮಾಡೋ ಫಂಕ್ಷನ್) ಒಮ್ಮೆ ಕರದೀನಿ. ವಿಂಡೋ ಸಣ್ಣದು ಮಾಡಿದ್ರ ಮತ್ತ ಹಂಗ.

ಮತ್ತ ಕನ್ನಡ. ಡ್ರೈಯರ್ ನಡೆಸೋ ಕಾಕಾಗ ಇಂಗ್ಲಿಷ್ ಬರಂಗಿಲ್ಲ. ಗ್ರಾಫ್‌ನ್ಯಾಗ ಕನ್ನಡ ಅಕ್ಷರದ ಬದ್ಲು ಚೌಕ ಬರ್ತಿದ್ದವು, ನಿರ್ಮಲಾ ಫಾಂಟ್ ಕೊಟ್ಟ ಮ್ಯಾಲ ಹೋದವು, ಆದ್ರ ‘ಭತ್ತ’ ಅನ್ನೋದು ‘ಭತ್‌ತ’ ಅಂತ ಬರ್ತೈತಿ. ಸುಗ್ಗಿ ಶುರು ಆಗೋದ್ರೊಳಗ ಇದನ್ನ ಅವರ ಮುಂದ ಇಡಬೇಕ್ರಿ.

ಉತ್ತರ: ರಾಯಚೂರು ಲ್ಯಾಬ್

ತಮ್ಮಾ, ಪ್ಯಾಕ್ ನೀ ಬರೆದಿಲ್ಲ, ಟೂಲ್‌ಬಾರೇ ಬರೆದದ. ಮ್ಯಾಟ್‌ಪ್ಲಾಟ್‌ಲಿಬ್‌ನ ಟಿಕೆ ಟೂಲ್‌ಬಾರ್ ಹುಟ್ಟಿದ ಕೂಡ್ಲೇ ತನ್ನನ್ನ ತಾನೇ ಪ್ಯಾಕ್ ಮಾಡ್ಕೋತದ. ನೀ ಕೊಟ್ಟ ಫ್ರೇಮ್‌ನಾಗ ಆಗಲೇ ಗ್ರಿಡ್ ಕೂತದ, ಒಂದೇ ಫ್ರೇಮ್‌ನಾಗ ಎರಡೂ ಇರಲಿಕ್ಕೆ ಟಿಕೆ ಬಿಡಂಗಿಲ್ಲ. ನಿನ್ನ ಫೈಲ್ ಹುಡುಕಿದ್ರ ಅದಕ್ಕೇ ಸಿಗಲಿಲ್ಲ.

ಟೂಲ್‌ಬಾರ್ ಮಾಡೋವಾಗ ‘ಪ್ಯಾಕ್ ಅಂಡರ್‌ಸ್ಕೋರ್ ಟೂಲ್‌ಬಾರ್’ ಅನ್ನೋದಕ್ಕ ಫಾಲ್ಸ್ ಕೊಡು, ಆಮ್ಯಾಲ ನೀನೇ ಗ್ರಿಡ್ ಮಾಡು. ಇದು ಮ್ಯಾಟ್‌ಪ್ಲಾಟ್‌ಲಿಬ್ 3.3ರಿಂದ ಅದ. ಮಿಲ್ಲಿನ ಕಂಪ್ಯೂಟರ್‌ನಾಗ ಅದಕ್ಕಿಂತ ಹಳೇದಿದ್ರ, ಟೂಲ್‌ಬಾರ್‌ಗೆ ಅಂತಲೇ ಒಂದು ಖಾಲಿ ಫ್ರೇಮ್ ಮಾಡಿ ಅದರಾಗ ಬಿಡು. ಒಳಗ ಅದು ಪ್ಯಾಕ್ ಮಾಡ್ಕೊಳ್ಳಲಿ, ಹೊರಗಿನ ಫ್ರೇಮ್ ನೀ ಗ್ರಿಡ್ ಮಾಡು. ನಾನು ಎರಡನೇದನ್ನೇ ಮಾಡ್ತೀನಿ, ಯಾವ ಆವೃತ್ತಿ ಇದ್ರೂ ಕೆಡಂಗಿಲ್ಲ.

ಕಾರಟಗಿ ಮಿಲ್ ಹುಡುಗ

ಅಣ್ಣಾರ, ಬಂತು! ಆದ್ರ ವಿಂಡೋ ದೊಡ್ಡದು ಮಾಡಿದ್ರ ಗ್ರಾಫ್ ಬೆಳೀವಲ್ದು, ಸುತ್ತ ಬೂದಿಬಣ್ಣದ ಜಾಗ ಉಳಿತೈತಿ.

ರಾಯಚೂರು ಲ್ಯಾಬ್

ಗ್ರಾಫ್ ಇರೋ ಸಾಲಿಗೂ ಕಾಲಮ್‌ಗೂ ವೇಟ್ 1 ಕೊಡು (ಜಾಗ ಹೆಚ್ಚಾದ್ರ ಅವೂ ಬೆಳೀಲಿ ಅಂತ), ಗ್ರಾಫ್‌ಗೆ ಸ್ಟಿಕಿ ನಾಲ್ಕೂ ದಿಕ್ಕು ಹಾಕು (ನಾಲ್ಕೂ ಅಂಚಿಗೆ ಅಂಟಲಿ ಅಂತ). ಆ ಫ್ರೇಮ್ ಕೂತಿರೋ ಹೊರಗಿನ ವಿಂಡೋಗೂ ವೇಟ್ ಬೇಕು, ಅದನ್ನೇ ಎಲ್ಲಾರೂ ಮರೀತಾರ. ಟೂಲ್‌ಬಾರ್ ಸಾಲಿಗೆ ಮಾತ್ರ ಕೊಡಬ್ಯಾಡ.

ಉತ್ತರ: ಬಳ್ಳಾರಿ ಕೋಟೆ

ಟೈಟ್ ಲೇಔಟನ್ನ ಫಂಕ್ಷನ್ ಥರ ಒಮ್ಮೆ ಕರೆದ್ರೆ ಆ ಹೊತ್ತಿನ ಅಳತೆಗೆ ಮಾತ್ರ ಅಂಚು ಲೆಕ್ಕ ಹಾಕುತ್ತೆ. ಆಮೇಲೆ ವಿಂಡೋ ಸಣ್ಣದಾದ್ರೆ ಅಂಚೂ ಕುಗ್ಗುತ್ತೆ, ಅಕ್ಷರ ಕುಗ್ಗಲ್ಲ, ಅದಕ್ಕೇ ಕತ್ತರಿಸಿಹೋಗೋದು. ಫಿಗರ್ ಮಾಡುವಾಗಲೇ ಲೇಔಟ್‌ಗೆ ‘ಕನ್‌ಸ್ಟ್ರೇನ್ಡ್’ ಅಂತ ಕೊಡಿ, 3.5ರಿಂದ ಐತೆ. ಪ್ರತಿ ಸಲ ಬರೆಯುವಾಗಲೂ ಹೊಸದಾಗಿ ಲೆಕ್ಕ ಹಾಕುತ್ತೆ. ಟೈಟ್ ಲೇಔಟ್ ಸಾಲು ಅಳಿಸಿಬಿಡಿ. ಪೈಪ್ಲಾಟ್‌ನಿಂದ (ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ತಾನೇ ವಿಂಡೋ ತೆರೆಯೋ ಭಾಗ) ಫಿಗರ್ ಮಾಡಿದ್ದರೆ ಅದನ್ನೂ ತೆಗೆದು ನೇರ ಫಿಗರ್ ಕ್ಲಾಸ್ ಬಳಸಿ.

ಒತ್ತಕ್ಷರ ಒಡೆಯೋದು ಫಾಂಟಿನ ತಪ್ಪಲ್ಲ. ಮ್ಯಾಟ್‌ಪ್ಲಾಟ್‌ಲಿಬ್ 3.10ರವರೆಗೂ ಅಕ್ಷರಗಳನ್ನ ಒಂದೊಂದಾಗಿ ಜೋಡಿಸಿ ಇಡುತ್ತೆ, ಕನ್ನಡದ ಕೂಡುವಿಕೆ ಅದಕ್ಕೆ ಬರಲ್ಲ. ವಿಂಡೋಸ್‌ನಲ್ಲಿ ಟಿಕೆ ಲೇಬಲ್‌ಗೆ ಬರುತ್ತೆ. ಶೀರ್ಷಿಕೆನೂ ಅಕ್ಷದ ಹೆಸರೂ ಗ್ರಾಫ್ ಒಳಗೆ ಹಾಕಬೇಡಿ, ಗ್ರಾಫ್ ಮೇಲೆ, ಕೆಳಗೆ ಟಿಕೆ ಲೇಬಲ್ ಇಟ್ಟು ಬರೀರಿ. ಒಳಗೆ ಅಂಕಿ ಮಾತ್ರ ಇರಲಿ.

ಕಾರಟಗಿ ಮಿಲ್ ಹುಡುಗ

ಮೂರೂ ಆದವು. ಈಗ ಗ್ರಾಫ್ ಮ್ಯಾಲ ‘ಭತ್ತದ ತೇವ (ಶೇಕಡಾ)’ ಅಂತ ಅಡ್ಡಕ್ಕ ದಪ್ಪ ಅಕ್ಷರದಾಗ ಐತಿ. 14ರ ಹತ್ರ ಒಂದು ಕೆಂಪು ಗೆರಿನೂ ಎಳದೀನಿ. ಇವತ್ತು ಸಂಜಿಗೆ ಕಾಕಾನ್ನ ಕರದು ತೋರಿಸಿದೆ. ಓದಿ ಹೇಳ್ರಿ ಅನ್ನೋದ್ರೊಳಗ ಕೆಂಪು ಗೆರಿ ಮ್ಯಾಲ ಬೆರಳಿಟ್ಟು, "ಇದನ್ನ ಮುಟ್ಟಿದಾಗ ಇಳಿಸೂಣೇನು?" ಅಂದ್ರು.