ಶಾಮಿಯಾನ ಎಲ್ಲಿ ಹಾಕುವುದು?

ಮನೆಮಂದಿ ಗುಂಪು, ಭಾನುವಾರ ಬೆಳಿಗ್ಗೆ

ದೊಡ್ಡಪ್ಪ: (ಹಂಚಿದ ಸುದ್ದಿ: ಫುಟ್‌ಪಾತ್ ಮೇಲೆ ನಡೆಯುವುದು ಬದುಕುವ ಹಕ್ಕಿನ ಭಾಗ, ಸುಪ್ರೀಂ ಕೋರ್ಟ್, ಮೇ 2025) ಎಲ್ಲರೂ ಓದಿ. ಇನ್ನು ನಮ್ಮ ಬೀದಿಯ ತಳ್ಳುಗಾಡಿಗಳನ್ನು ಎತ್ತಿಸಲೇಬೇಕು.

ಸಂಜು: ದೊಡ್ಡಪ್ಪ, ಹಾಗೆ ಸುಮ್ನೆ ಎತ್ತಿಸಲು ಆಗುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ. ಮೊದಲು ಸರ್ವೆ ಮಾಡಿ ಸರ್ಟಿಫಿಕೇಟ್ ಕೊಡಬೇಕು. ಅಲ್ಲಿಯವರೆಗೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಆಮೇಲೆ ಎಬ್ಬಿಸುವುದಾದರೂ 30 ದಿನದ ನೋಟಿಸ್.

ದೊಡ್ಡಪ್ಪ: ನನಗೇ ಕಾನೂನು ಹೇಳಬೇಡ. ಫುಟ್‌ಪಾತ್ ಹಿಡಿದು ಕೂರುವ ಹಕ್ಕು ಯಾರಿಗೂ ಇಲ್ಲ ಅಂತ 1985ರಲ್ಲೇ ಸುಪ್ರೀಂ ಕೋರ್ಟ್ ಓಲ್ಗಾ ಟೆಲಿಸ್ ಕೇಸಿನಲ್ಲಿ, ಅದೇ ಮುಂಬೈ ಫುಟ್‌ಪಾತ್ ವಾಸಿಗಳ ಕೇಸಿನಲ್ಲಿ, ಹೇಳಿಯಾಗಿದೆ.

ಸಂಜು: ದುಡಿದು ತಿನ್ನುವುದೂ ಬದುಕುವ ಹಕ್ಕಿನಲ್ಲೇ ಬರುತ್ತದೆ ಅಂದಿದ್ದೂ ಅದೇ ತೀರ್ಪು. ಅದನ್ನು ಬಿಟ್ಟುಬಿಟ್ಟಿರಿ.

ಅತ್ತೆ: ಅಣ್ಣ, ಹೋದ ವರ್ಷ ನನ್ನ ಮಂಡಿ ಒಡೆದಿದ್ದು ತಳ್ಳುಗಾಡಿಯಿಂದಲ್ಲ. ಫುಟ್‌ಪಾತ್ ತುಂಬಾ ಸ್ಕೂಟರ್ ನಿಲ್ಲಿಸಿದ್ದರು. ಅಂಚಿಗೆ ಕಾಲಿಟ್ಟೆ, ಮೋರಿ ಚಪ್ಪಡಿ ಅಲ್ಲಾಡಿತು. ಸೊಪ್ಪಿನವಳೇ ಎತ್ತಿ ಕೂರಿಸಿ ನೀರು ಕೊಟ್ಟಳು.

ಚಿಕ್ಕಪ್ಪ: ಕಟ್ಟು ಸಬ್ಬಸಿಗೆಗೆ 30 ರೂಪಾಯಿ ಹೇಳುತ್ತಾಳೆ. ಅದನ್ನೂ ಬರಿ.

ಅತ್ತೆ: ನೀನು ಯಾವತ್ತು ಸೊಪ್ಪು ತಂದಿದ್ದೀಯಾ?

ಸಂಜು: ನಡೆಯಲು ಕನಿಷ್ಠ 1.8 ಮೀಟರ್ ಬಿಡಬೇಕು ಅಂತ ರಸ್ತೆಗಳಿಗೆ ಮಾನದಂಡ ಹಾಕುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುತ್ತದೆ. ಅಷ್ಟು ಬಿಟ್ಟು ಮಾರುವ ಜಾಗ ಗುರುತಿಸಲಿ. ಅದಕ್ಕೇ ಆ 2014ರ ಕಾಯ್ದೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರುವುದು. ಅದರಲ್ಲಿ ಕನಿಷ್ಠ ಶೇ. 40 ಜನ ವ್ಯಾಪಾರಿಗಳೇ ಇರಬೇಕು.

ದೊಡ್ಡಪ್ಪ: ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗೆ!

ದೊಡ್ಡಮ್ಮ: ಅದಿರಲಿ ರೀ, ಶಾಮಿಯಾನದವನು ಫೋನ್ ಮಾಡಿದ್ದ. ಗುರುವಾರ ಗೃಹಪ್ರವೇಶಕ್ಕೆ ರಸ್ತೆ ಪೂರ್ತಿ ಹಾಕಬೇಕಾ, ಅರ್ಧ ಸಾಕಾ ಅಂತ ಕೇಳುತ್ತಿದ್ದಾನೆ.

ಸಂಜು: ದಾರಿಗೆ ಅಡ್ಡಿ ಮಾಡಿದರೆ ಹಳೇ ಐಪಿಸಿಯಲ್ಲಿ ದಂಡ 200 ರೂಪಾಯಿವರೆಗೆ ಇತ್ತು. ಈಗ ಅದರ ಬದಲು ಬಂದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 285ನೇ ಸೆಕ್ಷನ್. 5,000ದವರೆಗೆ.

ದೊಡ್ಡಪ್ಪ: ಅದು ಒಂದೇ ದಿನದ ಮಾತು! 150 ಎಲೆ ಎಲ್ಲಿ ಹಾಕಿಸಲಿ, ನಿನ್ನ ತಲೆ ಮೇಲಾ?

ಅತ್ತೆ: ಸೊಪ್ಪಿನವಳಿಗೆ ಮೂರಡಿ ಜಾಸ್ತಿ ಆಯಿತು. ನಮಗೆ ಮೂವತ್ತಡಿ ಬೇಕು.

ಚಿಕ್ಕಪ್ಪ: ಟೆರೇಸ್ ಮೇಲೆ ಹಾಕಿಸಿ.

ದೊಡ್ಡಮ್ಮ: ಮೂರನೇ ಮಹಡಿಗೆ ಹಂಡೆ ಹೊರುವುದಿಲ್ಲ ಅಂತ ಅಡುಗೆ ಭಟ್ಟರು ಮೊದಲೇ ಹೇಳಿದ್ದಾರೆ.

(20 ನಿಮಿಷ ಯಾರೂ ಏನೂ ಬರೆಯಲಿಲ್ಲ.)

ದೊಡ್ಡಪ್ಪ: ಅರ್ಧ ಸಾಕು ಅಂತ ಹೇಳು. ಮೂರು ಪಂಕ್ತಿ ಮಾಡಿದರಾಯಿತು. ಸಂಜು, ಪೊಲೀಸ್ ಠಾಣೆಗೆ ಕೊಡುವ ಅರ್ಜಿ ನೀನೇ ಬರಿ. ಇವತ್ತೇ.