ಮನೆತನಕ್ಕೆ ಅಂತ ಟಾರ್ಟನ್ (ಸ್ಕಾಟ್ಲೆಂಡಿನ ಬಣ್ಣದ ಚೌಕಳಿ ಬಟ್ಟೆ) ಮಾಡಿಸಿದವರು ಇದ್ದೀರಾ? ಬಣ್ಣದ ಅನುಭವ ಹೇಳಿ

ಗ್ಲಾಸ್ಗೋ ಸುಮಾ: ಮುಂದಿನ ಆಗಸ್ಟಲ್ಲಿ ಮಗನ ಮದುವೆ, ಹುಡುಗಿ ಇಲ್ಲಿಯವಳೇ. ಅವರ ಕಡೆ ಗಂಡಸರೆಲ್ಲ ಟಾರ್ಟನ್ನಿಂದ ಹೊಲಿದ ಕಿಲ್ಟ್, ಅಂದ್ರೆ ಮೊಣಕಾಲುದ್ದದ ನೆರಿಗೆ ಲಂಗ, ಹಾಕ್ತಾರೆ, ನಮ್ಮನೇದೂ ಒಂದು ಟಾರ್ಟನ್ ಇರ್ಲಿ ಅಂತ ಆಸೆ. ಅರಿಶಿನ, ಕುಂಕುಮ, ಅಡಿಕೆ ತೋಟದ ಹಸಿರು, ತುಂಗೆಯ ನೀಲಿ ಅಂದ್ಕೊಂಡಿದೀವಿ. ಸರಿ ಹೋಗುತ್ತಾ?

ಎಡಿನ್‌ಬರಾ ರಾಘು: ಅಕ್ಕಾ, ನಾನು ಆರು ಬಣ್ಣ ಹಾಕಿ ಕೆಟ್ಟೆ. ಹಾಸಿಗೂ ಹೊಕ್ಕಿಗೂ ಅದೇ ಬಣ್ಣದ ಪಟ್ಟಿ, ಎರಡು ಬಣ್ಣ ಅಡ್ಡ ಬಂದ ಕಡೆ ಇನ್ನೊಂದು ಛಾಯೆ ಹುಟ್ಟುತ್ತೆ, ಹಂಗಾಗಿ ಆರು ಬಣ್ಣ ಅಂದ್ರೆ ಬಟ್ಟೆ ಮೇಲೆ 21 ಛಾಯೆ. ಸ್ಕ್ರೀನಲ್ಲಿ ಚೆನ್ನಾಗೇ ಕಾಣ್ತಿತ್ತು. ನೇಯ್ದು ಬಂದಾಗ ನೋಡಿದ್ರೆ ಅಪ್ಪನ ನೆನಪಿಗೆ ಅಂತ ಇಟ್ಟಿದ್ದ ವೀಳ್ಯದೆಲೆ ಹಸಿರು ಕುಂಕುಮದ ಕೆಂಪಿಗೆ ಅಡ್ಡ ಬಂದ ಕಡೆಯೆಲ್ಲ ಕೆಸರು ಕೆಸರು. ಮೊದಲ ಸ್ಯಾಂಪಲ್ 95 ಪೌಂಡ್, ಎರಡನೇದೂ 95, ಮೂರನೇದಕ್ಕೆ ಅವರ ಹತ್ರ ಇಲ್ದಿರೋ ಹಸಿರು ಕೇಳಿದೆ ಅಂತ ನೂಲಿಗೆ ಬಣ್ಣ ಹಾಕೋ ಖರ್ಚು ಸೇರಿಸಿ 240, ಪೋಸ್ಟೇಜ್ 18 ಬೇರೆ. ಏಳು ತಿಂಗಳು ಹೋಯ್ತು.

ಇನ್ವರ್‌ನೆಸ್ ಶೈಲಜಾ: ನಾವು ಮೂರೇ ಬಣ್ಣ. ನೀಲಿ ಅಗಲಕ್ಕೆ, ಬಿಳಿ ಸ್ವಲ್ಪ, ಅರಿಶಿನ ಬರೀ ನಾಲ್ಕು ಎಳೆ, ಆದ್ರೂ ಬಾಗಿಲಿಂದ್ಲೇ ಕಾಣೋದು ಆ ಅರಿಶಿನ. ಎಡಿನ್‌ಬರಾದ ಟಾರ್ಟನ್ ರಿಜಿಸ್ಟರಿಗೆ 70 ಪೌಂಡ್ ಕಟ್ಟಿದ್ವಿ, ಮನೆತನದ ಹೆಸರಿಗೂ ನಮಗೂ ಏನು ಸಂಬಂಧ ಅಂತ ಬರೆದು ಕೊಟ್ವಿ. ಸರ್ಟಿಫಿಕೇಟ್ ದೇವರ ಮನೆ ಪಕ್ಕದ ಗೋಡೆ ಮೇಲಿದೆ. ಇನ್ನು ನಮ್ಮ ಬಟ್ಟೆ ಯಾರೂ ಕಾಪಿ ಹೊಡೆಯೋ ಹಾಗಿಲ್ಲ.

ಎಡಿನ್‌ಬರಾ ರಾಘು: ತಪ್ಪು ಮಾಹಿತಿ ಕೊಡ್ಬೇಡಿ ಮೇಡಂ. ಅದು ದಾಖಲೆ ಅಷ್ಟೇ. ರಿಜಿಸ್ಟರ್ ಮಾಡಿಸಿದ ಮಾತ್ರಕ್ಕೆ ಕಾಪಿರೈಟ್ ಬರಲ್ಲ.

ಇನ್ವರ್‌ನೆಸ್ ಶೈಲಜಾ: ಮೂರು ಸಲ ಕೆಡಿಸ್ಕೊಂಡವರು ನನಗೆ ಪಾಠ ಹೇಳ್ಬೇಡಿ. ಇಲ್ಲಿಯವರ ಕುಲದ ಟಾರ್ಟನ್ ಸಾವಿರ ವರ್ಷದಿಂದ ಇದೆ, ಅದಕ್ಕೊಂದು ಮರ್ಯಾದೆ ಇದೆ.

ಡಂಡೀ ಬಸು: ಸಾವಿರ ವರ್ಷ ಎಲ್ಲೀದ್ರಿ ಅಕ್ಕಾರ? ಹೈಲ್ಯಾಂಡ್, ಅಂದ್ರ ಸ್ಕಾಟ್ಲೆಂಡಿನ ಗುಡ್ಡಗಾಡಿನ, ಉಡುಪು 1746ರ ಕಾಯ್ದೆಯಿಂದ ಬಂದ್ ಆಗಿದ್ದು 1782ಕ್ಕ ಬಿಟ್ರು. ಕುಲಕ್ಕೊಂದು ಪಟ್ಟಿ ಅಂತ ಗಟ್ಟಿ ಆಗಿದ್ದು ಆಮ್ಯಾಲ. 1842ರಾಗ ಅಣ್ಣತಮ್ಮ ಇಬ್ರು ಹಳೇ ಹಸ್ತಪ್ರತಿ ಐತಿ ಅಂತ ಸುಳ್ಳ ಹೇಳಿ ಪುಸ್ತಕಾ ಹಾಕ್ಸಿದ್ರು, ಅದ್ರಾಗಿನ ಎಷ್ಟೋ ಪಟ್ಟಿ ಇವತ್ತೂ ಉಡ್ತಾರ. ಇರ್ಲಿ. ನಮ್ದು ಇಳಕಲ್ಲ, ಅಜ್ಜಾ ಮಗ್ಗದ ಮ್ಯಾಲ ಕೂತಾಂವ. ಸ್ಯಾಂಪಲ್ಲಿಗೆ ರೊಕ್ಕ ಸುರೀಬ್ಯಾಡ್ರಿ, ಮೊದ್ಲ ನೂಲು ಇಸ್ಕೊಂಡು ರಟ್ಟಿಗೆ ಎಳಿ ಎಣಿಸಿ ಸುತ್ರಿ, ಕಿಡಕಿ ಹತ್ರ ಇಟ್ಟು ಹತ್ತು ಹೆಜ್ಜಿ ಹಿಂದ ಸರದು ನೋಡ್ರಿ. ನಾ ಹಂಗ ಮಾಡೇ ಕೆಂಪಿನ ಮಗ್ಗಲದ ಹಸಿರು ತಗದೆ, ಎಂಟು ಗಜದ ಕಿಲ್ಟ್ ಒಂದ ಸಲಕ್ಕ ಛಲೋ ಬಂತು.

ಇನ್ವರ್‌ನೆಸ್ ಶೈಲಜಾ: ಹಂಗಾದ್ರೆ ನಮ್ಮ ಸರ್ಟಿಫಿಕೇಟ್ ಸುಳ್ಳಾ?

ಡಂಡೀ ಬಸು: ನಾ ಹಂಗ ಅಂದೇನೇನ್ರಿ? ಓದಿ ಮಾತಾಡ್ರಿ.

ಎಡಿನ್‌ಬರಾ ರಾಘು: ಹಸಿರು ತೆಗೀರಿ ಅನ್ನೋದು ಸುಲಭ ಬಸು ಅವರೇ. ನಮ್ಮಪ್ಪ ಮೂವತ್ತು ವರ್ಷ ವೀಳ್ಯದೆಲೆ ತೋಟ ಮಾಡಿದವರು, ಅದನ್ನ ತೆಗೆದ್ರೆ ಅದು ನಮ್ಮನೆ ಬಟ್ಟೆ ಹೆಂಗಾಗುತ್ತೆ? ಕೆಂಪು ಬೇಕಾದ್ರೆ ಬಿಡ್ತೀನಿ. ನಾಲ್ಕನೇ ಸ್ಯಾಂಪಲ್ಲಿಗೆ ನಿನ್ನೆ ದುಡ್ಡು ಕಟ್ಟಿದೀನಿ.